ಕೈ ತಾಳುವಷ್ಟು ಬಿಸಿ

ನಮ್ಮ ಮನೆಯಲ್ಲಿ ಹೊಲದ ಬದುವಿಗಾಗಲಿ ಮನೆಯ ಗೋಡೆಗಾಗಲಿ ಎಂದೂ ಜಗಳವಾಗಲಿಲ್ಲ. ಜಗಳವಾದದ್ದು ಎರಡು ಕೈಗಳಿಗಾಗಿ, ಆ ಎರಡೂ ನನ್ನವು. ಎಡಗೈ ಅಪ್ಪನ ತಾಯಿಯದು, ನಮ್ಮ ಆಯಿಯದು, ಬಲಗೈ ಅಪ್ಪನದು, ಅಪ್ಪನ ಕೆಲಸ ಮುಗಿದ ಮೇಲೆ ಏನಾದರೂ ಉಳಿದಿದ್ದರೆ ಅದು ಅವ್ವನದು. ನನ್ನ ಪಾಲಿಗೆ ಏನು ಉಳಿಯಿತು ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂದು ಆಗ ನನಗೂ ಹೊಳೆಯಲಿಲ್ಲ. ಈಗ ಮೊಮ್ಮಗಳಿಗೆ ಎರೆಯಲು ನೀರು ಬೆರೆಸುವಾಗ ನಾನು ಬೆರಳು ಬಿಟ್ಟು ಮೊಣಕೈ ಅದ್ದಿ ನೋಡುತ್ತೇನೆ. ಯಾಕೆ ಹೀಗೆ ಎಂದು ಸೊಸೆ ಕೇಳಿದರೆ, ನನ್ನ ಬೆರಳಿಗೆ ಸುಳ್ಳು ಹೇಳುವ ಚಾಳಿ ಇದೆ ಎಂದು ನಗಿಸಿ ಮಾತು ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ ಆಳಂದದ ಮನೆಯಿಂದ ಶುರು ಮಾಡಬೇಕು. ಆ ಮನೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ರಸ್ತೆಗೆ ಮುಖ ಮಾಡಿದ ಕೋಣೆ ಅಪ್ಪನ ಫೋಟೋ ಸ್ಟುಡಿಯೋ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ದೇವರ ಜಗಲಿ, ಎದುರಿಗೆ ಅಡುಗೆ ಮನೆ. ಅಡುಗೆ ಮನೆಗೆ ಹೊಂದಿಕೊಂಡು ಜೋಳದ ಚೀಲ ಇಡುವ ಒಂದು ಕೋಣೆ ಇತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿ ಮುಚ್ಚಿದರೆ ಹಾಡುಹಗಲಲ್ಲೇ ಒಳಗೆ ಕಗ್ಗತ್ತಲೆ. ಅಪ್ಪ ನರೋಣಾದ ಹೊಲವನ್ನು ತನ್ನ ಅಣ್ಣನಿಗೆ ಬಿಟ್ಟು, ಸೋಲಾಪುರದ ಒಬ್ಬ ಉಸ್ತಾದರ ಬಳಿ ಎರಡು ವರ್ಷ ಕೆಲಸ ಕಲಿತು ಬಂದು ಆ ಕೋಣೆಯನ್ನು ಡಾರ್ಕ್ ರೂಮ್ ಮಾಡಿದ. ಜೋಳದ ಚೀಲಗಳು ಪಡಸಾಲೆಗೆ ಬಂದವು, ಅವುಗಳ ಹಿಂದೆ ಇಲಿಗಳೂ ಬಂದವು. ಅವ್ವ ಅಫಜಲಪುರದ ಕಡೆಯವಳು, ಭೀಮಾ ದಂಡೆಯ ಊರಿನಲ್ಲಿ ಗಾಳಿ ಬೆಳಕು ಕಂಡು ಬೆಳೆದವಳು. ಬೇಕೆಂದೇ ಮನೆಯೊಳಗೆ ಕತ್ತಲೆ ಮಾಡಿಕೊಂಡ ಗಂಡಸನ್ನು ಇಲ್ಲಿಗೆ ಬಂದ ಮೇಲೆಯೇ ನೋಡಿದ್ದು ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಪ್ಪನಿಗೆ ಇದು ಹೊಗಳಿಕೆಯಂತೆ ಕೇಳಿಸುತ್ತಿತ್ತು.

ಸ್ಟುಡಿಯೋದ ಮುಂಭಾಗಕ್ಕೆ ಬೇಕಾದದ್ದೆಲ್ಲ ಸೋಲಾಪುರದಿಂದ ಬರುತ್ತಿತ್ತು. ಕತ್ತಲೆಯ ಕೋಣೆಗೆ ಬೇಕಾದದ್ದು ಮಾತ್ರ ನಮ್ಮ ಅಡುಗೆ ಮನೆಯಿಂದ ಹೋಗಬೇಕಾಗಿತ್ತು. ಫೋಟೋ ತೊಳೆಯುವ ಪುಡಿಗಳಿಗೆ ನಾವು ಔಷಧ ಎನ್ನುತ್ತಿದ್ದೆವು. ಆ ಔಷಧ ಕಲಸಲು ಅಪ್ಪ ಮೊದಲು ಒಯ್ದದ್ದು ಅವ್ವನ ಜರ್ಮನ್ ಬೋಗುಣಿಯನ್ನು, ಅಲ್ಯುಮಿನಿಯಂಗೆ ನಮ್ಮಲ್ಲಿ ಜರ್ಮನ್ ಎನ್ನುತ್ತಾರೆ. ಔಷಧದ ಸೋಡಾ ಬೋಗುಣಿಯನ್ನು ತಿಂದು ಕಪ್ಪು ಮಾಡಿತು. ಆಮೇಲೆ ಒಯ್ದದ್ದು ಅವ್ವ ತವರಿನಿಂದ ತಂದ ತಾಮ್ರದ ಕೊಡ. ಅದರಲ್ಲಿ ಕಲಸಿದ ಔಷಧದಿಂದ ತೊಳೆದ ಫೋಟೋಗಳೆಲ್ಲ ಮಬ್ಬು ಮಬ್ಬು. ಒಂದು ಇಡೀ ಮದುವೆ ದಿಬ್ಬಣದ ಮುಖಕ್ಕೆ ಬೂದಿ ಎರಚಿದ ಹಾಗೆ ಕಾಣುತ್ತಿತ್ತು. ತಾಮ್ರ ಹಿತ್ತಾಳೆ ಮುಟ್ಟಿಸಬೇಡ, ಗಾಜು ಇಲ್ಲವೇ ಚೀನಿಮಣ್ಣಿನದು ಹಿಡಿ ಎಂದು ಉಸ್ತಾದರು ಹೇಳಿ ಕಳಿಸಿದರು. ಆಗ ಉಪ್ಪಿನಕಾಯಿಯ ಭರಣಿಗೆ ಕುತ್ತು ಬಂತು. ಅಪ್ಪ ಒಳಗಿದ್ದ ಮಾವಿನಕಾಯಿಯನ್ನು ಅದೇ ಕಪ್ಪಾದ ಬೋಗುಣಿಗೆ ಸುರುವಿ ಭರಣಿ ಹೊತ್ತುಕೊಂಡು ಹೋದ. ವಾರದಲ್ಲಿ ಉಪ್ಪಿನಕಾಯಿ ಹಾಳಾಯಿತು, ಅವ್ವ ಎರಡು ದಿನ ಅಪ್ಪನೊಡನೆ ಮಾತಾಡಲಿಲ್ಲ. ತೂಕಕ್ಕೆ ಪಕ್ಕದ ಮನೆಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಹಳೆಯ ತಕ್ಕಡಿ ಸಿಕ್ಕಿತು, ಕಲ್ಲಿನ ಬದಲು ಗುಲಗಂಜಿ. ಮೆಟಾಲ್ ಎಂಬ ಪುಡಿ ಒಂದು ಲೀಟರಿಗೆ ಹದಿನೇಳು ಗುಲಗಂಜಿ ತೂಗಬೇಕು, ಅದು ನನಗೆ ಇವತ್ತಿಗೂ ಬಾಯಿಪಾಠ. ನೀರಿನ ಅಳತೆಗೆ ತಮ್ಮ ಚನ್ನು ಹಾಲು ಕುಡಿದಿದ್ದ ಗಾಜಿನ ಬಾಟಲಿ, ಅದರ ಮೈಮೇಲೆ ಗೆರೆಗಳಿದ್ದವು. ಕಲಸಿದ ಔಷಧಕ್ಕೆ ಬೆಳಕು ತಾಗಬಾರದು, ಕಂದು ಬಣ್ಣದ ಬಾಟಲಿಯೇ ಬೇಕು. ಅಂಥ ಬಾಟಲಿ ಪುಕ್ಕಟೆಯಾಗಿ ಸಿಗುತ್ತಿದ್ದದ್ದು ಸರಾಯಿ ಅಂಗಡಿಯ ಹಿಂದೆ ಮಾತ್ರ. ಅಪ್ಪ ಒಂದು ಚೀಲ ಬೀರ್ ಬಾಟಲಿ ಹೊತ್ತು ಹಾಡುಹಗಲು ಪೇಟೆಯಲ್ಲಿ ನಡೆದು ಬಂದ. ಮೂರು ಹೊತ್ತು ವಿಭೂತಿ ಧರಿಸುವ ಮನೆಯವನು ಹೀಗಾದನೇ ಎಂದು ಓಣಿ ತುಂಬ ಮಾತಾಯಿತು. ಅವ್ವ ಬೂದಿ ಹಚ್ಚಿ ಹಚ್ಚಿ ಚೀಟಿ ಕೆರೆದು ತೆಗೆದಳು. ಕೈಯಾಡಿಸಲು ಬೇವಿನ ಕಡ್ಡಿ ಹಾಕಿದರೆ ಔಷಧಕ್ಕೆ ಅದರ ಬಣ್ಣ ಇಳಿಯಿತು. ಅವ್ವನ ಕಡಗೋಲಿಗೆ ಅಪ್ಪ ಕೈ ಹಾಕಿದಾಗ ಮಾತ್ರ ಅವಳು ಅದನ್ನು ಎದೆಗವಚಿ ಹಿತ್ತಲಿಗೆ ಹೋಗಿ ನಿಂತಳು, ಕಡಗೋಲು ಉಳಿಯಿತು.

ಉಳಿದ ಒಂದೇ ಸಾಮಾನು ಥರ್ಮಾಮೀಟರ್. ಮೆಟಾಲ್ ತಣ್ಣೀರಿನಲ್ಲಿ ಕರಗುವುದಿಲ್ಲ, ತೀರ ಕುದಿಯುವ ನೀರಿನಲ್ಲಿ ಕೆಡುತ್ತದೆ. ನೀರು ಎಷ್ಟು ಬಿಸಿ ಇರಬೇಕೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅಪ್ಪ ಔಷಧಿ ಅಂಗಡಿಯಿಂದ ಜ್ವರ ನೋಡುವ ಥರ್ಮಾಮೀಟರ್ ತಂದು ಬಿಸಿನೀರಿನಲ್ಲಿ ಅದ್ದಿದ. ಅದು ಪಟ್ಟೆಂದು ಒಡೆದು ಪಾದರಸದ ಗುಂಡುಗಳು ಕೋಣೆಯ ತುಂಬ ಓಡಾಡಿದವು. ನಾನು, ಚನ್ನು ಅವುಗಳ ಹಿಂದೆ ಓಡಿದೆವು. ಆಯಿ ಜಗಲಿಯ ಮುಂದೆ ಕುಳಿತಲ್ಲಿಂದಲೇ, ಔಷಧಕ್ಕೆ ಜ್ವರ ಬಂದಿತ್ತೇನು ಎಂದು ಕೇಳಿದಳು. ಗಾಜಿನ ಸಾಮಾನು ನಮ್ಮ ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪ ಅವತ್ತೇ ತೀರ್ಮಾನ ಮಾಡಿದ. ಬೇರೆ ಜಾತಿಯ ಉದ್ದನೆಯ ಥರ್ಮಾಮೀಟರ್ ಸೋಲಾಪುರದಲ್ಲಿ ಸಿಗುತ್ತದೆಂದು ಉಸ್ತಾದರು ಹೇಳಿದ್ದರು. ಆದರೆ ಅವರೇ ಬರೆದುಕೊಟ್ಟ ಚೀಟಿಯಲ್ಲಿ ಡಿಗ್ರಿಯ ಲೆಕ್ಕ ಇರಲಿಲ್ಲ. ಅರ್ಧ ಮರಾಠಿ ಅರ್ಧ ಉರ್ದು ಬೆರೆತ ಆ ಚೀಟಿಯನ್ನು ಅಪ್ಪ ಕನ್ನಡಕ್ಕೆ ಇಳಿಸಿ ಗೋಡೆಗೆ ಅಂಟಿಸಿದ್ದ. ಅದರ ಮೊದಲ ಸಾಲು, 'ಕೈ ತಾಳುವಷ್ಟು ಬಿಸಿನೀರು.' ಯಾರ ಕೈ ಎಂದು ಬರೆದಿರಲಿಲ್ಲ.

ನನಗಾಗ ಹತ್ತು ವರ್ಷ. ಆಯಿಯ ಜಳಕದ ನೀರನ್ನು ಬೆರೆಸುವ ಕೆಲಸ ನನ್ನದಾಗಿತ್ತು. ಬೆರಳು ಅದ್ದಿದರೆ ಸಾಕು, ಒಂದು ತಂಬಿಗೆ ತಣ್ಣೀರು ಬೇಕೋ ಅರ್ಧ ಬೇಕೋ ಎಂದು ಹೇಳಿಬಿಡುತ್ತಿದ್ದೆ. ಆಯಿಗೆ ಒಮ್ಮೆಯೂ ಹೆಚ್ಚು ಕಡಿಮೆ ಆದದ್ದಿಲ್ಲ. ಅಪ್ಪ ಇದನ್ನು ನೋಡಿ ನನ್ನನ್ನು ಕತ್ತಲೆಯ ಕೋಣೆಗೆ ಕರೆದ. ಭರಣಿಯ ನೀರಿನಲ್ಲಿ ಬೆರಳಿಟ್ಟು ಇಷ್ಟು ಸಾಕು ಎಂದೆ, ಮೆಟಾಲ್ ಸಕ್ಕರೆಯ ಹಾಗೆ ಕರಗಿತು. ಮೊದಲು ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಸಲ್ಫೈಟ್, ಆಮೇಲೆ ಸೋಡಾ, ಹಿಂದುಮುಂದಾದರೆ ಕೆಟ್ಟಿತು. ಕಡ್ಡಿಯ ಕೆಲಸವನ್ನೂ ನನ್ನ ಕೈಯೇ ಮಾಡಿತು. ಅಪ್ಪ ಗಿರಾಕಿಗಳ ಮುಂದೆ ನನ್ನನ್ನು ತೋರಿಸಿ, ನಮ್ಮ ಥರ್ಮಾಮೀಟರ್ ಇದೇ ನೋಡ್ರಿ ಎನ್ನುತ್ತಿದ್ದ. ಶಾಲೆಯ ಹುಡುಗಿಯರೂ ಹಾಗೇ ಕರೆಯತೊಡಗಿದರು. ಜಗದೇವಿ ಎಂಬ ನನ್ನ ಹೆಸರಿಗಿಂತ ಅದು ಚೆನ್ನಾಗಿದೆ ಎಂದು ಆಗ ಅನಿಸುತ್ತಿತ್ತು.

ಆಯಿ ಕೂಡಲೇ ಅಡ್ಡ ಬಂದಳು. ನನಗೆ ಲಿಂಗದೀಕ್ಷೆ ಆಗಿತ್ತು; ದಿನಾ ಬೆಳಿಗ್ಗೆ ಜಳಕ ಮಾಡಿ ಆಯಿಯ ಎದುರು ಕುಳಿತು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದೆ. ಲಿಂಗ ಕೂಡುವ ಕೈಯನ್ನು ಆ ಸರಾಯಿ ಬಾಟಲಿಯ ನೀರಿನಲ್ಲಿ ಅದ್ದಕೂಡದು ಎಂಬುದು ಅವಳ ಹಟ. ಅವ್ವನಿಗೆ ಬಲಗೈಯ ಚಿಂತೆ, ಅದು ಉಣ್ಣುವ ಕೈ, ರೊಟ್ಟಿ ಬಡಿಯುವ ಕೈ. ಮೂವರೂ ಪಡಸಾಲೆಯಲ್ಲಿ ಕುಳಿತು ನನ್ನ ಕೈಗಳ ಪಂಚಾಯಿತಿ ನಡೆಸಿದರು. ನಾನು ಕಂಬಕ್ಕೆ ಒರಗಿ ನಿಂತು, ನನ್ನ ಸಲುವಾಗಿ ಇಷ್ಟು ಮಂದಿ ಮಾತಾಡುತ್ತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಕಡೆಗೆ ಆಯಿಯೇ ತೀರ್ಪು ಕೊಟ್ಟಳು.

“ಎಡಗೈ ಲಿಂಗಕ್ಕಿರಲಿ. ಬಲಗೈ ನೀ ತಗೋ. ಆದ್ರ ಎಡಗೈ ತಂಟಿಗಿ ಬರಬ್ಯಾಡ.”

ಮೊದಲ ವರ್ಷಗಳಲ್ಲಿ ನಾನು ಸುಖವಾಗಿಯೇ ಇದ್ದೆ, ಅದನ್ನು ಮರೆಮಾಚಿದರೆ ಈ ಬರವಣಿಗೆ ಸುಳ್ಳಾಗುತ್ತದೆ. ಶಾಲೆ ಬಿಟ್ಟು ಬಂದವಳೇ ಪಾಟಿಚೀಲ ಎಸೆದು ಕತ್ತಲೆಗೆ ನುಗ್ಗುತ್ತಿದ್ದೆ. ಕೆಂಪು ದೀಪ, ಅಪ್ಪನ ಬೀಡಿಯ ವಾಸನೆ, ಔಷಧದ ಹುಳಿವಾಸನೆ. ಅಪ್ಪ ಹೊರಗೆ ಎಷ್ಟು ಸಿಡುಕನೋ ಅಲ್ಲಿ ಅಷ್ಟೇ ಮೆತ್ತಗೆ ಮಾತಾಡುತ್ತಿದ್ದ. ಬಿಳಿಯ ಕಾಗದ ಔಷಧದಲ್ಲಿ ಮುಳುಗಿದಾಗ ಹೊತ್ತು ಎಣಿಸುವವಳೂ ನಾನೇ. ಗಡಿಯಾರದ ಬದಲು ಆಯಿ ಕಲಿಸಿದ ಹಾಗೆ ಬೆರಳ ಗೆಣ್ಣಿನ ಮೇಲೆ ಓಂ ನಮಃ ಶಿವಾಯ ಎಣಿಸುತ್ತಿದ್ದೆ. ಶಿವನ ಹೆಸರನ್ನು ಗಡಿಯಾರ ಮಾಡಿದ್ದಾರೆ ಎಂದು ಆಯಿ ಗೊಣಗಿದಳು, ಹೇಗೋ ಹುಡುಗಿಯ ಬಾಯಲ್ಲಿ ಬರುತ್ತದಲ್ಲ ಎಂದು ಸುಮ್ಮನಾದಳು. ಒಂದು ದಿನ ಆ ಕಾಗದದ ಮೇಲೆ ಮೊದಲು ಎರಡು ಹುಬ್ಬು ಬಂದವು, ಆಮೇಲೆ ಕಣ್ಣು, ಆಮೇಲೆ ಸೆರಗಿನ ಅಂಚು. ಆಯಿ ನೀರಿನೊಳಗಿಂದ ನನ್ನನ್ನು ನೋಡುತ್ತಿದ್ದಳು. ನಾನು ಎಣಿಕೆ ಮರೆತೆ, ಫೋಟೋ ಕಪ್ಪಾಯಿತು, ಅಪ್ಪ ಬೈಯಲಿಲ್ಲ. ಕಲಸುವುದು ಪಕ್ಕಾ ಆಗಲಿ, ಥರ್ಮಾಮೀಟರ್ ಕೊಡಿಸುತ್ತೇನೆ, ಆಮೇಲೆ ಕ್ಯಾಮೆರಾ ಹಿಡಿಯುವುದನ್ನೂ ಕಲಿಸುತ್ತೇನೆ ಎಂದ. ಆ ಮಾತನ್ನು ನಾನು ಎಂಟು ವರ್ಷ ನಂಬಿದೆ.

ಮೊದಲು ಬೆರಳ ಸಂದಿಯಲ್ಲಿ ತುರಿಕೆ ಬಂತು. ಆಮೇಲೆ ಉಗುರು ಕಂದಿದವು, ತುದಿಯ ಚರ್ಮ ಒಣಗಿ ಸೀಳತೊಡಗಿತು. ರೊಟ್ಟಿ ಬಡಿಯಲು ಕುಳಿತರೆ ಬಿಸಿನೀರು ತಾಗಿ ಜೀವ ಹೋಗುತ್ತಿತ್ತು, ಹಿಟ್ಟಿಗೆ ಕೆಂಪು ಹತ್ತುತ್ತಿತ್ತು. ನಾನು ಮಾಡಿದ ರೊಟ್ಟಿ ವಾಸನೆ ಬರುತ್ತದೆ ಎಂದು ಚನ್ನು ತಟ್ಟೆ ಸರಿಸಿದ. ಅವ್ವ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದಳು. ಕೊಬ್ಬರಿ ಎಣ್ಣೆ, ಅರಿಶಿಣ, ಬೇವಿನ ರಸ, ಯಾರು ಏನು ಹೇಳಿದರೂ ಹಚ್ಚಿದಳು. ಹಚ್ಚಿದ್ದನ್ನು ತೊಳೆದುಕೊಂಡು ಮತ್ತೆ ಔಷಧದಲ್ಲಿ ಕೈ ಅದ್ದುತ್ತಿದ್ದೆ. ಹತ್ತನೆಯ ಇಯತ್ತೆಯ ಪರೀಕ್ಷೆಯನ್ನು ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆದೆ. ಪಾಸಾದೆ, ಅಷ್ಟಕ್ಕೇ ನಿಂತಿತು. ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದ, ಯಾರೂ ಬಾಯಿಬಿಟ್ಟು ಹೇಳದ ಮಾತು ಒಂದೇ. ಅದು ದೊಡ್ಡರೋಗ, ಅಂದರೆ ಕುಷ್ಠ, ಇರಬಹುದೇ ಎಂಬುದು. ಆಳಂದದಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅಪ್ಪ ನನ್ನನ್ನು ಜೇವರ್ಗಿಗೆ, ತನ್ನ ತಂಗಿಯ ಮನೆಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೋ ಎಂದ. ಸೋದರತ್ತೆ ನನಗೆ ಬೇರೆ ತಟ್ಟೆ, ಬೇರೆ ತಂಬಿಗೆ ಇಟ್ಟಳು, ಪ್ರೀತಿಯಿಂದಲೇ ಇಟ್ಟಳು. ಅಲ್ಲಿನ ಡಾಕ್ಟರು ವಯಸ್ಸಾದವರು. ಬೆರಳುಗಳಿಗೆ ಸೂಜಿ ಚುಚ್ಚಿ ನೋಡಿದರು, ಬೆನ್ನಿಗೂ ಚುಚ್ಚಿದರು, ಅಪ್ಪನ ಕೆಲಸ ಏನೆಂದು ಕೇಳಿದರು. ಕೇಳಿದ ಮೇಲೆ ಸೂಜಿ ಕೆಳಗಿಟ್ಟರು.

“ಇದು ದೊಡ್ಡರೋಗ ಅಲ್ಲ. ಔಷಧ ತಿಂದ ಕೈ ಇದು. ಕಡ್ಡೀಲೆ ಕಲಸ್ರಿ, ಥರ್ಮಾಮೀಟರ್ ಇಟ್ಟ ನೋಡ್ರಿ. ಅದಕ್ಕ ಹುಡುಗಿ ಕೈ ಯಾಕ್ರಿ?”

“ಈ ಸಲ ಸೋಲಾಪುರಕ್ಕ ಹೋದಾಗ ತರ್ತೇನ್ರಿ,” ಎಂದ ಅಪ್ಪ.

ಅಪ್ಪ ಸೋಲಾಪುರಕ್ಕೆ ಹೋದ. ದಾರಿಯ ಖಜೂರಿ ಊರಿನ ಮೇಲೆ ಹಾದುಹೋಗುವ ಲಾರಿಯವರು ಅಪ್ಪನಿಗೆ ಗುರುತು, ಅವರ ಜೊತೆ ಹೋಗಿ ಅವರ ಜೊತೆಯೇ ಬರುತ್ತಿದ್ದ. ಆ ಸಲ ಬಂದದ್ದು ಜಲಪಾತದ ಚಿತ್ರವಿರುವ ಪರದೆ. ಭೀಮಾ ಬಿಟ್ಟರೆ ನೀರು ಕಾಣದ ಊರಿನವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮುಂದಿನ ಸಲ ಒಂದು ಸೋಫಾ ಕುರ್ಚಿ. ಅದರ ಮುಂದಿನ ಸಲ ಪ್ಲಾಸ್ಟಿಕ್ಕಿನ ಟೆಲಿಫೋನು. ಅದನ್ನು ಕಿವಿಗೆ ಹಿಡಿದು ಕುಳಿತ ಗೌಡರ ಫೋಟೋ ಎಷ್ಟು ತೊಳೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಚೀಲ ಬಿಚ್ಚುವವಳು ನಾನು. ಮೇಲಿನದನ್ನು ತೆಗೆದಿಟ್ಟು ತಳದವರೆಗೂ ಕೈಯಾಡಿಸುತ್ತಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ. ನಿನ್ನಷ್ಟು ಖರೇ ಹೇಳುವ ಥರ್ಮಾಮೀಟರ್ ಸೋಲಾಪುರದಲ್ಲಿ ಎಲ್ಲಿ ಸಿಗಬೇಕು ಎಂದು ಅಪ್ಪ ನಕ್ಕ. ನಾನೂ ನಕ್ಕೆ, ಆ ನಗು ನೆನೆದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹದಿನೆಂಟರ ಹೊತ್ತಿಗೆ ತುರಿಕೆ ನಿಂತಿತು, ಉರಿಯೂ ನಿಂತಿತು. ವಾಸಿಯಾಯಿತೆಂದು ಅವ್ವ ಹಣ್ಣು ಕಾಯಿ ಮಾಡಿಸಿದಳು. ವಾಸಿಯಾಗಿರಲಿಲ್ಲ. ಬೆರಳ ತುದಿಗಳು ಒಣರೊಟ್ಟಿಯ ಅಂಚಿನ ಹಾಗೆ ದಪ್ಪಗಾಗಿ ಏನೂ ತಿಳಿಯದಂತಾಗಿದ್ದವು. ಒಂದು ದಿನ ನಾನು ಸಾಕು ಎಂದ ನೀರಿನಲ್ಲಿ ಮೆಟಾಲ್ ಕರಗದೆ ತಳದಲ್ಲಿ ಕುಳಿತಿತು. ಅಪ್ಪ ಧ್ಯಾನ ಎಲ್ಲಿದೆ ಎಂದು ಬೈದ. ಮರುದಿನವೂ ಹಾಗೇ ಆಯಿತು. ನನಗೆ ಕೈ ಹೋಯಿತೆಂಬ ದುಃಖಕ್ಕಿಂತ ಹೆಸರು ಹೋಗುತ್ತದೆಂಬ ಅಂಜಿಕೆ ದೊಡ್ಡದಾಯಿತು. ಥರ್ಮಾಮೀಟರ್ ಅಲ್ಲದಿದ್ದರೆ ಆ ಮನೆಯಲ್ಲಿ ನಾನು ಯಾರು? ರೊಟ್ಟಿ ಬಡಿಯಲು ಬಾರದ, ಕೈ ತೋರಿಸಿ ಮದುವೆ ಮಾಡಲಾಗದ ಒಂದು ಹೆಣ್ಣು. ಮೂರನೆಯ ದಿನ ಅಪ್ಪ ಬೆನ್ನು ತಿರುಗಿಸಿದಾಗ ಕೆಂಪು ಬೆಳಕಿನಲ್ಲಿ ಎಡಗೈಯ ಕಿರುಬೆರಳನ್ನು ಅದ್ದಿದೆ. ಅದು ಸರಿಯಾಗಿ ಹೇಳಿತು, ಮೆಟಾಲ್ ಕರಗಿತು. ಅಪ್ಪ ಶಹಬ್ಬಾಸ್ ಎಂದ. ಅಂದಿನಿಂದ ದಿನಾ ಬೆಳಿಗ್ಗೆ ಲಿಂಗ ಹಿಡಿದ ಕೈಯನ್ನು ಮಧ್ಯಾಹ್ನ ಕದ್ದು ಔಷಧಕ್ಕೆ ಹಾಕಿದೆ. ಪಾಪ ಎಂದು ಅನಿಸುತ್ತಿತ್ತು, ಆದರೂ ಬಿಡಲಿಲ್ಲ.

ಆರು ತಿಂಗಳು ಕಳೆಯುವುದರೊಳಗೆ ಎಡಗೈಯ ಬೆರಳೂ ಸೀಳಿತು. ಪೂಜೆಯಲ್ಲಿ ಬೆರಳು ಮಡಚಿಕೊಂಡು ಕೂಡುತ್ತಿದ್ದೆ. ಆಯಿಗೆ ಕಣ್ಣು ಮಂಜು, ಕಾಣುವುದಿಲ್ಲ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ, ಅಮಾವಾಸ್ಯೆಯಾದ್ದರಿಂದ ಪೂಜೆ ತಡವಾಗಿತ್ತು, ಅವಳು ನನ್ನ ಅಂಗೈಗೆ ವಿಭೂತಿ ಹಚ್ಚಲು ಬೆರಳು ಬಿಡಿಸಿದಳು. ಅವಳ ಹೆಬ್ಬೆರಳು ಸೀಳಿನ ಮೇಲೆ ನಿಂತಿತು. ಇನ್ನೊಂದು ಸಲ ಸವರಿ ನೋಡಿದಳು. ನನ್ನ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿದಳು. ಗೋಡೆ ಹಿಡಿದು ಎದ್ದು, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕಾಲಿಡದಿದ್ದ ಆ ಕೋಣೆಯ ಬಾಗಿಲನ್ನು ಎರಡೂ ಕೈಯಿಂದ ನೂಕಿದಳು. ಒಳಗೆ ಅಪ್ಪ ಕಾಗದದ ಡಬ್ಬಿ ತೆರೆದು ಕುಳಿತಿದ್ದ. ಹಗಲ ಬೆಳಕು ಬಿದ್ದು ಇಡೀ ಡಬ್ಬಿ ಕೆಟ್ಟುಹೋಯಿತು. ಅಪ್ಪ ಎದ್ದು ನಿಂತ, ಆದರೆ ಬಾಯಿ ತೆರೆಯಲು ಆಯಿ ಬಿಡಲಿಲ್ಲ.

“ಒಂದ ಕೈ ನಿನಗ ಬಿಟ್ಟಿದ್ದೆ ನಾ. ಅದನ್ನ ತಿಂದಿ. ಈಗ ಲಿಂಗದ ಕೈನೂ ತಿನ್ನಾಕತ್ತಿ.”

ಅಪ್ಪ ನನ್ನ ಎಡಗೈ ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಆ ಮಟ್ಟಿಗೆ ಅವನ ತಪ್ಪಲ್ಲ. ಯಾಕೆ ಎಡಗೈ ಹಾಕಿದೆ ಎಂದು ಅವನು ಕೇಳಿದ್ದರೆ ಬಲಗೈಯ ಕಥೆ ಹೇಳಿಬಿಡುತ್ತಿದ್ದೆ. ಕೇಳಲಿಲ್ಲ. ಕೆಟ್ಟ ಕಾಗದದ ಡಬ್ಬಿಯ ಮುಚ್ಚಳ ಹಾಕುತ್ತ, ನಾಳೆಯಿಂದ ಇವಳು ಬೇಡ, ಚನ್ನು ಬರುತ್ತಾನೆ ಎಂದ. ಚನ್ನು ಮೆಟ್ರಿಕ್ ಫೇಲಾಗಿ ಮನೆಯಲ್ಲಿದ್ದ. ಆಯಿ ಗೆದ್ದೆನೆಂದುಕೊಂಡಳು. ಅಪ್ಪ ಕೊಟ್ಟಿದ್ದ ಕ್ಯಾಮೆರಾದ ಮಾತೂ ಆ ಗೆಲುವಿನೊಂದಿಗೇ ಹೋಯಿತೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಆ ವಾರವೇ ಅಪ್ಪ ಸೋಲಾಪುರಕ್ಕೆ ಹೋಗಿ ಬಂದ. ಈ ಸಲ ಚೀಲ ಬಿಚ್ಚಿದವನು ಚನ್ನು. ರಟ್ಟಿನ ಕೊಳವೆಯೊಳಗೆ ಹತ್ತಿ ಸುತ್ತಿಟ್ಟಿದ್ದ ಮೊಳದುದ್ದದ ಥರ್ಮಾಮೀಟರ್. ಗಾಜಿನ ಕಡ್ಡಿ. ಮೊಣಕೈವರೆಗೆ ಬರುವ ಕೆಂಪು ರಬ್ಬರಿನ ಕೈಗವಸು ಒಂದು ಜೊತೆ. ಅಪ್ಪ ಮೂರನ್ನೂ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದ. ಅವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು, ಇವು ಇಷ್ಟು ದಿನ ಸಿಗುತ್ತಿರಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಅವ್ವ ನನ್ನ ಪರವಾಗಿ ಆಡಿದ ಒಂದೇ ಒಂದು ಮಾತು ಅದು. ಅಪ್ಪನಿಗೆ ಅದರಲ್ಲಿ ಕೊಂಕು ಕಾಣಲಿಲ್ಲ, ಇದ್ದ ವಿಷಯ ಹೇಳುವ ಹಾಗೆ ಹೇಳಿದ.

“ಗಂಡಹುಡುಗ ಅದಾನ. ಕೈ ಹಿಂಗಾದ್ರ ನಾಳೆ ಯಾರ ಹೆಣ್ಣ ಕೊಡ್ತಾರ?”

ಅವ್ವ ಒಳಗೆ ಹೋದಳು. ಅಪ್ಪ ಪಡಸಾಲೆಯಲ್ಲಿಯೇ ಸ್ಟೋ ಹಚ್ಚಿ ಬೋಗುಣಿಯಲ್ಲಿ ನೀರಿಟ್ಟ. ಚನ್ನು ಕೆಂಪು ಕೈಗವಸು ತೊಟ್ಟು ಥರ್ಮಾಮೀಟರನ್ನು ನೀರಿನಲ್ಲಿ ಹಿಡಿದು ಕುಳಿತ. ಪಾದರಸ ಏರತೊಡಗಿತು. ಎಲ್ಲಿಗೆ ನಿಲ್ಲಿಸಬೇಕು ಎಂದು ಚನ್ನು ಕೇಳಿದ. ಅಪ್ಪ ಗೋಡೆಯ ಚೀಟಿ ತಂದು ಓದಿದ. ಕೈ ತಾಳುವಷ್ಟು ಬಿಸಿನೀರು. ಥರ್ಮಾಮೀಟರಿನ ಮೇಲೆ ನೂರೆಂಟು ಗೆರೆಗಳಿದ್ದವು, ಯಾವ ಗೆರೆಯ ಪಕ್ಕದಲ್ಲೂ ಹಾಗೆಂದು ಬರೆದಿರಲಿಲ್ಲ. ಆಮೇಲೆ ಅಪ್ಪ ನನ್ನನ್ನು ಕರೆದ. ಫೋಟೋಗೆ ಬಣ್ಣ ತುಂಬುವ ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿಕೊಂಡು ಕಾದು ಕುಳಿತ. ನಾನು ಸಾಕು ಎಂದ ಕೂಡಲೇ ಪಾದರಸ ಇದ್ದಲ್ಲಿ ಗೆರೆ ಎಳೆಯುವುದು, ಮುಂದೆ ನನ್ನ ಗರಜಿಲ್ಲ.

“ಬಾ ಜಗೂ. ಬಲಗೈ ಬೆರಳ ಇಡು. ಕಡೀ ಸಲ.”

ಬೆರಳಿಟ್ಟೆ. ನೀರು ತಾಗಿದ್ದು ತಿಳಿಯಿತು, ಬಿಸಿ ತಿಳಿಯಲಿಲ್ಲ. ಅಪ್ಪ ಸಾಕೇನು ಎಂದು ಕೇಳಿದ, ನನಗೆ ತಿಳಿಯುವುದಿಲ್ಲ ಎಂದೆ. ಆರು ತಿಂಗಳು ಮುಚ್ಚಿಟ್ಟ ಮೇಲೆ ಮೊದಲ ಸಲ ಅವನಿಗೆ ಆ ನಿಜ ಹೇಳಿದ್ದು. ಅವನು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡ. ತಮ್ಮನಿಗೆ ಸಾಮಾನು ಬಂತೆಂದು ಸೊಕ್ಕು ಮಾಡುತ್ತೀ, ಹೇಳು ಎಂದು ಗದರಿಸಿದ. ತಿಳಿಯುವುದಿಲ್ಲ ಎಂದು ಇನ್ನೊಂದು ಸಲ ಹೇಳಿದೆ. ಸ್ಟೋ ಭರ್ರೆಂದು ಉರಿಯುತ್ತಿತ್ತು. ಹಬೆ ಏಳುತ್ತಿದ್ದದ್ದು ನನಗೂ ಕಾಣುತ್ತಿತ್ತು, ಕೈ ತೆಗೆಯಬಹುದಿತ್ತು. ತೆಗೆಯಲಿಲ್ಲ. ಯಾಕೆಂದು ಇಷ್ಟು ವರ್ಷವಾದರೂ ಪೂರ್ತಿ ಗೊತ್ತಿಲ್ಲ. ಅಪ್ಪ ಒಂದು ಸಲ ಪಾದರಸ ಬಿಟ್ಟು ನನ್ನ ಬೆರಳನ್ನು ನೋಡಲಿ ಎಂದಿರಬೇಕು. ಅವನು ನೋಡಲಿಲ್ಲ. ಸಿಟ್ಟಿನಿಂದ ಕುಂಚವನ್ನು ಎಡಗೈಗೆ ಬದಲಿಸಿ, ಅದರಲ್ಲಿ ತಿಳಿಯದಿರುವುದು ಏನಿದೆ ಎಂದು ತನ್ನ ಬಲಗೈಯ ತೋರುಬೆರಳನ್ನು ನನ್ನ ಬೆರಳ ಪಕ್ಕದಲ್ಲಿಯೇ ಅದ್ದಿದ.

ಯವ್ವಾ ಎಂದು ಕೂಗಿ ಕೈ ಕಿತ್ತುಕೊಂಡ. ಕುಂಚ ಹಾರಿ ಜಗಲಿಯ ಮೇಲೆ ಬಿತ್ತು. ನನ್ನ ಬೆರಳು ಇನ್ನೂ ನೀರಿನಲ್ಲಿಯೇ ಇತ್ತು. ಒಂದು ಗಳಿಗೆ ಅಪ್ಪ ಅದನ್ನು ನೋಡಿದ, ಚನ್ನು ನೋಡಿದ. ಅಪ್ಪ ಏನೋ ಹೇಳುತ್ತಾನೆ ಎಂದು ಕಾದೆ. ಅಷ್ಟರಲ್ಲಿ ಅವ್ವ ಒಳಗಿನಿಂದ ಓಡಿ ಬಂದಳು. ಕೈಯಲ್ಲಿ ಬೆಣ್ಣೆಯ ಬಟ್ಟಲಿತ್ತು. ನೆಲಕ್ಕೆ ಕುಳಿತು ಅಪ್ಪನ ಬೆರಳು ಹಿಡಿದು, ಊದಿ ಊದಿ ಬೆಣ್ಣೆ ಹಚ್ಚಿದಳು.

ನನ್ನ ಕೈಯನ್ನು ನಾನೇ ಹೊರಗೆ ತೆಗೆದುಕೊಂಡೆ. ಸಂಜೆಯ ಹೊತ್ತಿಗೆ ಮೂರು ಗುಳ್ಳೆ ಎದ್ದವು. ಆಯಿ ಸವರಿ ನೋಡಿ ಉರಿಯುತ್ತದೇನು ಎಂದು ಕೇಳಿದಳು, ಇಲ್ಲ ಎಂದೆ, ಅದು ಖರೆಯೇ ಆಗಿತ್ತು. ಅಪ್ಪ ಮರುದಿನ ಬೋಗುಣಿಯಲ್ಲಿ ಬೇರೆ ನೀರಿಟ್ಟು, ಸುಟ್ಟಿರದ ಇನ್ನೊಂದು ಬೆರಳನ್ನು ತಾನೇ ಅದ್ದಿ ಅದ್ದಿ ನೋಡಿ, ತಾಳಲಾರದೆ ಎಲ್ಲಿ ಕೈ ತೆಗೆದನೋ ಅಲ್ಲಿ ಥರ್ಮಾಮೀಟರಿಗೆ ಕೆಂಪು ಗೆರೆ ಎಳೆದ. ಸ್ಟುಡಿಯೋ ಮುಚ್ಚುವವರೆಗೂ ಔಷಧ ಕಲಸಿದ್ದು ಆ ಗೆರೆಯ ಮೇಲೆ. ಕೈ ತಾಳುವಷ್ಟು ಬಿಸಿ ಎಂದರೆ ಎಷ್ಟು ಎಂದು ನಮ್ಮ ಮನೆಯಲ್ಲಿ ಅಂತೂ ಗೊತ್ತಾಯಿತು. ನನ್ನ ಬೆರಳಿದ್ದ ನೀರಿಗಿಂತ ಗೆರೆ ಬಹಳ ಕೆಳಗಿತ್ತು.